ಎಡಗಡೆ ಪೆಟ್ಟಿಗೆ, ಬಲಗಡೆ ಪೆಟ್ಟಿಗೆ

ಜೂನ್ 3

ಷಡ್ಡಕ ಮಹಾಶಯರ ಸನ್ನಿಧಾನಕ್ಕೆ,

ಫೋನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿ ಕೂತಿದೀಯ. ಕೂತ್ಕೋ. ಪೋಸ್ಟ್‌ಮ್ಯಾನ್‌ನ ಬ್ಲಾಕ್ ಮಾಡೋ ಬಟನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ನಾನು ಸ್ಕೂಲಿಗೆ ಹೋಗಿದ್ದು ಸ್ವಲ್ಪ, ಕ್ಲಾಸೊಳಗೆ ಕೂತಿದ್ದು ಇನ್ನೂ ಸ್ವಲ್ಪ, ಬಾಗಿಲಾಚೆ ನಿಂತಿದ್ದೇ ಜಾಸ್ತಿ. ಅದಕ್ಕೆ ಬಾಯಿಗೆ ಬಂದ ಹಾಗೆ ಬರೀತೀನಿ. ತಪ್ಪು ಹುಡುಕೋಕೆ ಕೆಂಪು ಪೆನ್ನು ತಗೋಬೇಡ. ನೀನು ಕಾರು ಕಲಿಸೋ ಮೇಷ್ಟ್ರು, ಅಕ್ಷರ ಕಲಿಸೋ ಮೇಷ್ಟ್ರಲ್ಲ.

ವಿಷಯ ಏನಂದ್ರೆ, ಆ ಹಡಗಿನ ಆಟ. ನಾವಿಬ್ರೂ ಸೇರಿ ವಿಡಿಯೋ ಗೇಮ್ ಅಂಗಡಿ ನಡೆಸ್ತಿದ್ದಾಗ ಹಿಂದಿನ ಮೂಲೆಲಿ ನಿಂತಿತ್ತಲ್ಲ, ಜೋಡಿ ಪೆಟ್ಟಿಗೆ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಬಟ್ಟೆ ಕಪಾಟಿನ ಥರ, ಮಧ್ಯೆ ಒಂದು ಕೇಬಲ್ಲು. ಎಡಗಡೆ ಪೆಟ್ಟಿಗೆಯೊಳಗೆ ಕೂತೋನಿಗೆ ಚುಕ್ಕಾಣಿ, ಸಮುದ್ರ, ಬಂಡೆ, ಆಕಾಶ. ಬಲಗಡೆ ಕೂತೋನಿಗೆ ಬಾಯ್ಲರು, ಕಲ್ಲಿದ್ದಲು, ಒತ್ತಡ ತೋರ್ಸೋ ಮುಳ್ಳು, ಅಷ್ಟೇ. ಎಡಗಡೆಯೋನು ಗಂಟೆ ಬಾರಿಸಿದ್ರೆ ಬಲಗಡೆಯೋನು ಸಲಿಕೆ ಎತ್ತಬೇಕು. ಇವನದ್ದು ಅವನಿಗೆ ಕಾಣ್ಸಲ್ಲ, ಅವನದ್ದು ಇವನಿಗೆ ಕಾಣ್ಸಲ್ಲ. ಯಜಮಾನರಾದ ತಾವು ಯಾವಾಗ್ಲೂ ಚುಕ್ಕಾಣಿ. ನಾನು ಯಾವಾಗ್ಲೂ ಕಲ್ಲಿದ್ದಲು.

ಅಂಗಡಿ ಮುಚ್ಚಿ ಪಾಲು ಹಂಚ್ಕೊಂಡಾಗ ನಾವು ಎಂಥಾ ಬುದ್ಧಿವಂತರು ನೋಡು. ಇವನು ಇಷ್ಟು ವರ್ಷ ಏನೋ ಮುಚ್ಚಿಟ್ಕೊಂಡು ಮಜಾ ಮಾಡಿದಾನೆ ಅಂತ ನಾನು ನಿನ್ನ ಚುಕ್ಕಾಣಿ ಪೆಟ್ಟಿಗೆ ಎಳ್ಕೊಂಡೆ. ನೀನೂ ಅದೇ ಅನುಮಾನದಲ್ಲಿ ನನ್ನ ಬಾಯ್ಲರ್ ಪೆಟ್ಟಿಗೆ ಹೊತ್ಕೊಂಡು ಹೋದೆ. ಒಂದು ಜೊತೆ ಚಪ್ಪಲೀಲಿ ಒಬ್ಬೊಬ್ರು ಒಂದೊಂದು ಹಾಕ್ಕೊಂಡು ಹೋದ ಹಾಗೆ. ಅದೂ ಅದಲುಬದಲು.

ಈಗ ಆಗಸ್ಟ್ ಇಪ್ಪತ್ತಕ್ಕೆ ನನ್ನ ರಿಪೇರಿ ಅಂಗಡಿಗೆ ಒಬ್ರು ಬರ್ತಿದಾರೆ. ಹಳೇ ಆಟಗಳ ಸರ್ಕ್ಯೂಟ್ ಬೋರ್ಡಿನ ಚಿಪ್ಪೊಳಗೆ ಏನೇನಿದೆ ಅಂತ ಕಾಪಿ ತೆಗೆದು ಕಾಪಾಡೋದೇ ಅವರ ಕಸುಬು. ನಾನು ಕಾಪಿರಾಯ ಅಂತ ಕರೀತೀನಿ. ಈ ಹಡಗಿನ ಆಟ ಚಾಲೂ ಇರೋ ಜೋಡಿ ಅವರಿಗೆ ಗೊತ್ತಿರೋ ಹಾಗೆ ಇನ್ನೆಲ್ಲೂ ಇಲ್ವಂತೆ. ನಮ್ಮದು ಹೋದ್ರೆ ಆಟಾನೇ ಹೋಯ್ತು. ಕಾಪಿ ತೆಗೀಬೇಕಾದ್ರೆ ಎರಡೂ ಬೋರ್ಡು ಜೋಡಿಸಿ ಚಾಲೂ ಮಾಡಿರಬೇಕು. ನನ್ನ ಕಡೆ ಚಿಪ್ಪು ಆಗ್ಲೇ ಆಕಳಿಸ್ತಿದೆ. ನೀಲಿ ಸಮುದ್ರ ಗುಲಾಬಿ ಆಗಿದೆ. ಹಡಗು ಶರಬತ್ತಲ್ಲಿ ತೇಲ್ತಿರೋ ಹಾಗೆ ಕಾಣುತ್ತೆ.

ನೀನು ಬರೋದೇನೂ ಬೇಡ. ನಿನ್ನ ಮುಖ ನೋಡಿದ್ರೆ ಇನ್ನೊಂದು ಚಿಪ್ಪು ಹೋಗುತ್ತೆ. ಪೆಟ್ಟಿಗೆನೂ ಬೇಡ. ಒಳಗಿರೋ ಬೋರ್ಡು ಬಿಚ್ಚಿ, ಟವೆಲ್ಲಲ್ಲಿ ಸುತ್ತಿ ಕಳಿಸು.

ಅಕ್ಕನ್ನ ಕಟ್ಕೊಂಡ ಹಿರಿಯ ಷಡ್ಡಕ,
ಫ್ರಿಜ್ಜು ಟೀವಿ ರಿಪೇರಿಯವನು
(ಹಿರಿಯ ಅನ್ನೋದನ್ನ ಗಟ್ಟಿಯಾಗಿ ಓದ್ಕೋ.)

*

ಜೂನ್ 14

ರಿಪೇರಿಯವನಿಗೆ,

ನಿನ್ನ ಪತ್ರ ತಲುಪಿದೆ. ಲಕೋಟೆಯ ಮೇಲೆ ನನ್ನ ವಿಳಾಸದ ಜೊತೆ 'ಮೂರನೇ ಸಲ ಡ್ರೈವಿಂಗ್ ಶಾಲೆ' ಎಂದು ಬರೆದಿದ್ದೀಯ. ಅಂಚೆಯವನು ಅದನ್ನು ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ, ನಕ್ಕು, ಕೈಗೆ ಕೊಟ್ಟ. ಅವನೂ ನನ್ನಲ್ಲಿ ಕಲಿತವನೇ.

ನೀನು ಮರೆತಿರಬಹುದು, ನಾನು ಮರೆತಿಲ್ಲ. ನನ್ನ ಶಾಲೆಯ ಹೊಸ ಕಚೇರಿ ತೆರೆದ ದಿನ, ಕುರ್ಚಿಗಳ ತುಂಬ ನನ್ನ ವಿದ್ಯಾರ್ಥಿಗಳು ಕೂತಿದ್ದಾಗ, 'ಎರಡು ಮಾತು' ಎಂದು ಎದ್ದವನು ನೀನು. ನಾನು ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದದ್ದನ್ನು, ಎರಡನೇ ಸಲ ಕಾರನ್ನು ಪರೀಕ್ಷಕರ ಮೇಜಿಗೇ ಗುದ್ದಿದ್ದನ್ನು, ಗೇರು ಹಾಕುವ ಸದ್ದಿನ ಸಮೇತ ಅಭಿನಯಿಸಿ ತೋರಿಸಿದೆ. ಅದು ನಿಜವೇ. ಆದರೆ ನಿಜ ಹೇಳುವುದಕ್ಕೆ ನಿನಗೆ ಬೇರೆ ದಿನವೇ ಇರಲಿಲ್ಲವೇ? ಅಂದಿನಿಂದ ನನ್ನ ಹೆಸರು ಹೋಗಿ 'ಮೂರನೇ ಸಲ ಸರ್' ಎಂದಾಗಿದೆ. ನಾನು ಬ್ರೇಕ್ ಒತ್ತು ಎಂದರೆ ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಈ ಕೆಲಸದಲ್ಲಿ ಪಕ್ಕದಲ್ಲಿ ಕೂತವನ ಮಾತಿಗೆ ಬೆಲೆಯಿಲ್ಲದೆ ಹೋದರೆ ಏನಾಗುತ್ತದೆ ಎಂದು ಫ್ರಿಜ್ಜಿನ ಹಿಂದೆ ಬದುಕುವ ನಿನಗೆ ಗೊತ್ತಿಲ್ಲ.

ಅದೇ ಕಚೇರಿಗೆ ಬಂದು, ಅದೇ ಜಾಗದಲ್ಲಿ ನಿಂತು, ತಪ್ಪಾಯಿತು ಎಂದು ಹೇಳು. ಆಮೇಲೆ ಬೋರ್ಡಿನ ಮಾತು.

ಇನ್ನು ಆ ಆಟ. ಅದನ್ನು ಯಾರೂ ಆಡುತ್ತಿರಲಿಲ್ಲ. ಜನ ಕಾರಿನ ರೇಸಿನ ಮುಂದೆ ಸಾಲು ನಿಲ್ಲುತ್ತಿದ್ದರು, ಹಡಗಿನ ಪೆಟ್ಟಿಗೆಯ ಮೇಲೆ ಕೊಡೆ ಒಣಗಿಸುತ್ತಿದ್ದರು. ಬದುಕಿದ್ದಾಗಲೇ ಯಾರೂ ಕೇಳದ ಆಟ ಸತ್ತರೆ ಅಳುವವರು ಯಾರು?

ಡ್ರೈವಿಂಗ್ ಶಾಲೆಯ ಮುಖ್ಯಸ್ಥ

*

ಜೂನ್ 18

ಮುಖ್ಯಸ್ಥರೇ, ಮೂರನೇ ಸಲದ ಮುಖ್ಯಸ್ಥರೇ,

ನಿನ್ನ ಕಾಗದ ಓದಿ ನಮ್ಮವಳಿಗೂ ಓದಿ ಹೇಳಿದೆ. 'ಅವರು ಹೇಳೋದ್ರಲ್ಲಿ ತಪ್ಪೇನಿದೆ?' ಅಂದ್ಲು. ಇವಳು ನಿಮ್ಮ ಪಾರ್ಟಿ ಯಾವಾಗ ಸೇರಿದ್ಲು ಅಂತ ಕೇಳಿದ್ದಕ್ಕೆ ಚಟಪಟ ಅಂತ ಒಗ್ಗರಣೆ ಹಾಕಿದ್ಲು. ತಪ್ಪಾಯ್ತು ಅಂತ ಹೇಳೋಕೆ ನಾನು ಅಷ್ಟು ದೂರ ಬರಲ್ಲ. ಆ ದಿನ ಅಷ್ಟು ಜನ ನಕ್ಕಿದ್ರು. ನಿನ್ನ ಶಾಲೇಲಿ ಅದೊಂದೇ ಸಲ ಎಲ್ರೂ ಒಟ್ಟಿಗೆ ಸರಿಯಾದ ಟೈಮಿಗೆ ಏನೋ ಮಾಡಿದ್ದು.

ಯಾರೂ ಆಡ್ದೇ ಇರೋ ಆಟ ಅಂದ್ಯಲ್ಲ, ಅಲ್ಲೇ ನಿನ್ನ ತಲೆ ಕೆಟ್ಟಿರೋದು. ಸಾಲು ನಿಂತಿದ್ದು ನೋಡಿ ಆಟ ಅಳೆಯೋನು ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಬಹುಮಾನ ಕೊಡಬೇಕು. ನಮ್ಮ ಅಂಗಡೀಲಿ ನಿಜವಾಗ್ಲೂ ಚೆನ್ನಾಗಿದ್ದ ಆಟ ಯಾವ್ಯಾವು ಹೇಳ್ಲಾ? ಲಿಫ್ಟಿನವನ ಆಟ. ಹತ್ತೋರ್ನ ಹತ್ತಿಸಿ ಇಳಿಯೋರ್ನ ಇಳಿಸಿ ಎಲ್ಲರ ಹತ್ರಾನೂ ಬೈಸ್ಕೊಳ್ಳೋದು, ಬೈಗುಳ ತುಂಬಿದಾಗ ಲಿಫ್ಟು ಭಾರ ಆಗಿ ಕೆಳಗೆ ಬೀಳೋದು. ಆಹಾ! ಆಮೇಲೆ ಛತ್ರಿ ಹಿಡ್ಕೊಂಡು ಛಾವಣಿಯಿಂದ ಛಾವಣಿಗೆ ಹಾರೋ ದರ್ಜಿ ಆಟ. ಗಿರಾಕಿ ಮನೆ ಮುಟ್ಟೋಷ್ಟರಲ್ಲಿ ಕೋಟು ಹೊಲಿದು ಮುಗಿಸಬೇಕು. ಸಕ್ಕರೆ ಹೊರೋ ಇರುವೆ ಆಟ, ಅದ್ರಲ್ಲಿ ದಾರೀಲಿ ಒಂದು ಇರುವೆ ಸುಮ್ನೆ ನಿಂತು ಯೋಚ್ನೆ ಮಾಡೋದು, ಯಾಕೆ ಅಂತ ಯಾರಿಗೂ ಗೊತ್ತಾಗ್ಲೇ ಇಲ್ಲ. ಇವೆಲ್ಲದರ ರಾಜ ಹಡಗಿನ ಆಟ. ಬೇರೆ ಆಟದಲ್ಲಿ ಎದುರಾಳೀನ ಹೊಡೀಬೇಕು. ಇದರಲ್ಲಿ ಜೊತೇಲಿರೋನ್ನ ಸಹಿಸ್ಕೋಬೇಕು. ಅದಕ್ಕೇ ಯಾರೂ ಆಡ್ಲಿಲ್ಲ, ಕಷ್ಟ ಜಾಸ್ತಿ.

ಇನ್ನೊಂದು ಮಾತು. ನೀನಿಲ್ದೇನೂ ನನ್ನ ಪೆಟ್ಟಿಗೆ ನಡೆಯುತ್ತೆ ಈಗ. ಒಂದೇ ಇದ್ರೆ 'ಜೊತೆಗಾರನಿಗಾಗಿ ಕಾಯುತ್ತಿದೆ' ಅಂತ ಬಂದು ನಿಂತ್ಬಿಡ್ತಿತ್ತಲ್ಲ? ಕೇಬಲ್ ಸಿಗಿಸೋ ಜಾಗದಲ್ಲಿ ಆಚೆ ಹೋಗೋ ತಂತೀನ ಬಗ್ಗಿಸಿ ಒಳಗೆ ಬರೋ ತೂತಿಗೇ ಸಿಗಿಸಿದೆ. ತನ್ನ ಮಾತು ತನಗೇ ವಾಪಸ್ ಕೇಳಿ, ಓಹೋ ಆ ಕಡೆ ಯಾರೋ ಇದಾರೆ ಅಂದ್ಕೊಂಡು ಶುರು ಆಯ್ತು. ನಿನ್ನ ಥರಾನೇ ಅದು. ತನ್ನ ಮಾತಿಗೆ ತಾನೇ ಹೂಂ ಅಂದ್ಕೊಂಡು ಸುಖವಾಗಿದೆ. ಆದ್ರೆ ಅರ್ಧ ಆಟ ಕಾಪಿರಾಯರಿಗೆ ಬೇಡ. ಬೋರ್ಡು ಕಳಿಸು.

ಹಿರಿಯ

*

ಜೂನ್ 29

ರಿಪೇರಿಯವನಿಗೆ,

ತಿಳಿಸಬೇಕಾದ್ದು ಇಷ್ಟೇ. ನೀನು ಕೇಳುತ್ತಿರುವ ಪೆಟ್ಟಿಗೆ ನನ್ನ ಮನೆಯ ಹಜಾರದಲ್ಲಿ ಚಪ್ಪಲಿ ಇಡುವ ಕಪಾಟಾಗಿದೆ. ಪರದೆಯ ಜಾಗದಲ್ಲಿ ಮೇಲಿನ ಸಾಲು, ಸೀಟಿನ ಜಾಗದಲ್ಲಿ ಕೆಳಗಿನ ಸಾಲು. ಬಹಳ ಅನುಕೂಲ. ಒಳಗಿನ ಬೋರ್ಡು ಇದೆಯೋ ಇಲ್ಲವೋ ನೋಡಿಲ್ಲ. ನೋಡುವ ಆಸಕ್ತಿಯೂ ಇಲ್ಲ.

ನೀನು ಒಬ್ಬನೇ ಚುಕ್ಕಾಣಿ ಹಿಡಿದರೆ ಜಲಸಂಧಿಯ ಬಂಡೆಗೆ ಬಡಿದು ಮುಳುಗುತ್ತೀಯ. ಅಲ್ಲಿ ವೇಗ ತಗ್ಗಿಸಬೇಕು, ತಗ್ಗಿಸಲು ಕೆಳಗೆ ಒಬ್ಬ ಬೇಕು. ಮುಳುಗು. ನನ್ನ ಅಭ್ಯಂತರವಿಲ್ಲ.

*

ಜುಲೈ 12

ಲೋ ಭಂಡ,

ಮುಳುಗಿದೆ. ದಿನಾ ಮುಳುಗಿದೆ. ಗಿರಾಕಿ ಟೀವಿ ತೆರೆದಿಟ್ಟು ಬಿಟ್ಟು ಬಂದು ಮುಳುಗಿದೆ. ಆದ್ರೆ ಮೊನ್ನೆ ಆ ಜಲಸಂಧಿ ದಾಟಿದೆ. ವೇಗ ಇಳಿಸೋಕೆ ಆಗಲ್ಲ ಅಂತ ಹಡಗನ್ನ ಬಂಡೆಗೆ ಕೆನ್ನೆ ತಾಗಿಸ್ಕೊಂಡು ತೂರಿಸಿದೆ. ಅಲ್ಲಿಂದಾಚೆಗೆ ನಾವಿಬ್ರು ಬಿಟ್ರೆ ಬೇರೆ ಯಾರೂ ಹೋಗಿರ್ಲಿಲ್ಲ, ನೆನಪಿದ್ಯಾ? ಕಾರ್ ರೇಸಿನ ಹೀರೋಗಳು ಬಂದು ಎರಡು ನಿಮಿಷಕ್ಕೆ ಎದ್ದು ಹೋಗ್ತಿದ್ರು. ಅಲ್ಲಿಂದಾಚೆ ಏನಿದೆ ಅಂತ ಎಷ್ಟು ಸಲ ಕೇಳಿದೀನಿ ನಿನ್ನ! 'ನೀರು' ಅಂತಿದ್ದೆ. 'ಬರೀ ನೀರು ಕಣೋ, ಏನಿರುತ್ತೆ?'

ನೀರಲ್ಲಿ ಜನ ಇದಾರಲ್ಲೋ!

ಮೊದ್ಲು ಚಿಪ್ಪು ಕೆಟ್ಟು ಚುಕ್ಕೆ ಬಿದ್ದಿದೆ ಅಂದ್ಕೊಂಡೆ. ಕನ್ನಡಕ ಒರೆಸ್ಕೊಂಡು ನೋಡ್ತೀನಿ, ಕೈ ಬೀಸ್ತಿದಾರೆ. ಹಲಗೆ ಹಿಡ್ಕೊಂಡಿರೋನೊಬ್ಬ. ಮಗೂನ ತಲೆ ಮೇಲೆ ಎತ್ತಿ ಹಿಡಿದೋಳೊಬ್ಳು. ಹಡಗು ಹತ್ರ ಬಂದ್ರೆ ಜೋರಾಗಿ ಬೀಸ್ತಾರೆ, ದಾಟಿ ಹೋದ್ರೆ ಕೈ ಇಳಿಸ್ತಾರೆ. ನಿಲ್ಲಿಸೋಕೆ ನನ್ನ ಕೈಲಿ ಆಗ್ಲಿಲ್ಲ. ಕೆಳಗೆ ಬಾಯ್ಲರ್ ನೋಡ್ಕೊಳ್ಳೋನು ಇಲ್ವಲ್ಲ, ಹಡಗು ಒಂದೇ ವೇಗ. ಎಲ್ಲರ ಪಕ್ಕದಲ್ಲೇ ಹಾದು ಹೋದೆ. ಎದ್ದು ಬಂದು ಟೀ ಇಳಿಸ್ಕೊಂಡೆ, ಕುಡಿಯೋಕೆ ಆಗ್ಲಿಲ್ಲ.

ನನಗಾದ್ರೆ ನಿಲ್ಲಿಸೋಕೆ ದಾರಿ ಇರ್ಲಿಲ್ಲ. ನಿನಗೆ ಇತ್ತು. ಕೆಳಗೆ ನಾನಿದ್ದೆ. ಅಲ್ಲಿ ಬಂದಾಗೆಲ್ಲ ನೀನು ಬಾರಿಸ್ತಿದ್ದ ಗಂಟೆ ನನ್ನ ಕಿವೀಲಿ ಇನ್ನೂ ಇದೆ. 'ಪೂರ್ತಿ ವೇಗ', 'ಪೂರ್ತಿ ವೇಗ'. ನಾನು ಮೈ ಬಗ್ಗಿಸಿ ಕಲ್ಲಿದ್ದಲು ಸುರೀತಿದ್ದೆ. ರೆಕಾರ್ಡ್ ಮುರಿದ್ವಿ ಅಂತ ನೀನು ಆಚೆ ಬಂದು ಬೆನ್ನು ತಟ್ಟಿಸ್ಕೊಳ್ತಿದ್ದೆ. ಎಷ್ಟು ಜನರ ಮೇಲೆ ಹಾದು ಹೋಗಿದೀಯಲ್ಲೋ ನನ್ನ ಹೆಗಲ ಮೇಲೆ ಕೂತ್ಕೊಂಡು! ಒಂದು ದಿನಾನಾದ್ರೂ ಬಾಯಿ ಬಿಟ್ಟು ಹೇಳಿದ್ಯಾ?

ನಾನು ನಿನ್ನ ಬಗ್ಗೆ ಜೋಕು ಮಾಡಿದೆ ಅಂತ ಇಷ್ಟು ವರ್ಷ ಮುಖ ಊದಿಸ್ಕೊಂಡಿದೀಯ. ಆ ಜೋಕು ಸಣ್ಣದಾಯ್ತು ಅಂತ ಈಗ ಬೇಜಾರಾಗ್ತಿದೆ.

*

ಜುಲೈ 25

ರಿಪೇರಿಯವನಿಗೆ,

ಇಷ್ಟು ದಿನ ಉತ್ತರ ಬರೆಯಲಿಲ್ಲ, ಏಕೆಂದರೆ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಇದು ಸಭ್ಯವಾಗಿರುವ ಪ್ರತಿ.

ಹೌದು, ನೀರಿನಲ್ಲಿ ಜನರಿದ್ದರು. ಮೊದಲ ಸಲ ಕಂಡಾಗ ನಿಲ್ಲಿಸುವ ಗಂಟೆ ಬಾರಿಸಿದೆ. ಒಳಗಿನಿಂದ ನೀನು ಕಿರುಚಿದ್ದು ನಿನಗೆ ನೆನಪಿಲ್ಲದಿದ್ದರೆ ನಾನು ನೆನಪಿಸುತ್ತೇನೆ: 'ಯಾರೋ ಅದು ದಂಡಪಿಂಡ, ಇಷ್ಟು ಹೊತ್ತು ಬೆವರು ಸುರಿಸಿ ಏರಿಸಿದ ಒತ್ತಡ ಇಳಿಸ್ತಾ ಇರೋನು? ನಿನಗೆ ಕಾರೂ ಬರಲ್ಲ, ಹಡಗೂ ಬರಲ್ಲ!' ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ನಾನು ನಿಲ್ಲಿಸುವ ಗಂಟೆಯನ್ನು ಮುಟ್ಟಲಿಲ್ಲ.

ಈಗ ನಿನ್ನ ಕಡೆಯ ಕಥೆ. ಪರದೆಯ ಕೆಳಗಿನ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಮನುಷ್ಯನಿದ್ದಾನೆ. ಸಲಿಕೆ ಹಿಡಿದವನು. ನೀನು ಗುಂಡಿ ಒತ್ತಿದಾಗ ಕಲ್ಲಿದ್ದಲು ಎತ್ತುವವನು ಅವನೇ. ಮುಳ್ಳು ಕೆಂಪಿಗೆ ಏರಿದರೆ ಹಣೆ ಒರೆಸಿಕೊಳ್ಳುತ್ತಾನೆ. ಜಲಸಂಧಿಯ ಆಚೆಗೆ ಅವನ ಮೊಣಕಾಲು ಮಡಚುತ್ತದೆ. ಮುಳ್ಳು ಕೆಂಪಿನಲ್ಲೇ ಇದ್ದರೆ ಬೀಳುತ್ತಾನೆ. ಬಾಗಿಲಿನಿಂದ ಇನ್ನೊಬ್ಬ ಬಂದು, ಬಿದ್ದವನನ್ನು ದಾಟಿ, ಅವನ ಸಲಿಕೆ ಎತ್ತಿಕೊಳ್ಳುತ್ತಾನೆ. ಅವನಿಗೆ ನೀರು ಕೊಡಲೆಂದೇ ಬಕೆಟ್ಟಿನ ಚಿತ್ರದ ಗುಂಡಿಯೊಂದಿದೆ. ಉಳಿದ ಗುಂಡಿಗಳ ಬಣ್ಣವೆಲ್ಲ ನಿನ್ನ ಬೆರಳಿಗೆ ಸವೆದು ಬಿಳಿಯಾಗಿದೆ. ಬಕೆಟ್ಟಿನ ಗುಂಡಿ ಮಾತ್ರ ಇವತ್ತು ಅಂಗಡಿಯಿಂದ ತಂದ ಹಾಗಿದೆ.

ನಾನು ನಿನ್ನ ಹೆಗಲ ಮೇಲೆ ಕೂತೆ ಎಂದು ಬರೆದಿದ್ದೀಯ. ನೀನು ಯಾರ ಹೆಗಲ ಮೇಲೆ ಕೂತಿದ್ದೆ?

*

ಜುಲೈ 28

ಮುಖ್ಯಸ್ಥರೇ,

ಆ ಚಪ್ಪಲಿ ಸ್ಟ್ಯಾಂಡಿಗೆ ನನ್ನ ನಮಸ್ಕಾರ! ಎಡಗಾಲಿನ ಚಪ್ಪಲಿ ಸಲಿಕೆ ಹಿಡೀತಾ, ಬಲಗಾಲಿಂದು ಬೆವರು ಒರೆಸ್ಕೊಳ್ತಾ? ನನ್ನ ತಂತಿ ಬಗ್ಗಿಸೋ ಉಪಾಯ ಕದ್ದು, ಹಜಾರದಲ್ಲಿ ಹಲ್ಲು ಕಚ್ಕೊಂಡು ಕಲ್ಲಿದ್ದಲು ಸುರೀತಿದೀಯ ಅಂತ ಒಪ್ಕೋ. ಅಲ್ಲಿ ಬೀಳ್ತಾ ಇರೋರು ಈಗ ನಿನ್ನ ಲೆಕ್ಕದಲ್ಲಿ, ನನ್ನ ಲೆಕ್ಕದಲ್ಲಲ್ಲ.

ಬಕೆಟ್ ಬಟನ್ನು ಮೊದಲಿಂದ್ಲೂ ಕೆಟ್ಟಿತ್ತು. ಅಷ್ಟೇ. ಆ ವಿಷಯ ಇನ್ನು ಮಾತಾಡ್ಬೇಡ.

ಗುಲಾಬಿ ಸಮುದ್ರ ಈಗ ಅರ್ಧ ಕಪ್ಪಾಗಿದೆ. ನಿನ್ನೆ ಶುರು ಆಗೋಕೆ ಐದಾರು ಸಲ ಸ್ವಿಚ್ ಒತ್ತಬೇಕಾಯ್ತು. ಕಾಪಿರಾಯರಿಗೆ ಬೇಗ ಬನ್ನಿ ಅಂದೆ, ಆಗಲ್ವಂತೆ. ಇಪ್ಪತ್ತನೇ ತಾರೀಕಿಗೆ ಬೋರ್ಡು ಇಲ್ಲಿರಬೇಕು. ಇಲ್ದಿದ್ರೆ ನಿನ್ನ ಶಾಲೆ ಬಾಗಿಲಿಗೇ ಬರ್ತೀನಿ, ಸ್ಟೂಲ್ ಹಾಕ್ಕೊಂಡು ನಿಲ್ತೀನಿ. ರಿವರ್ಸ್ ಗೇರಲ್ಲಿ ನೀನು ನಮ್ಮ ಮಾವನ ಬೇಲಿ ಕೆಡವಿದ ಕಥೆ ಇನ್ನೂ ಯಾರಿಗೂ ಹೇಳಿಲ್ಲ. ಅದಕ್ಕೂ ಸದ್ದು ಗೊತ್ತು ನನಗೆ.

*

ಆಗಸ್ಟ್ 16

ರಿಪೇರಿಯವನಿಗೆ,

ನಿನ್ನ ಬೆದರಿಕೆಗೆ ನಾನು ಬಗ್ಗಿಲ್ಲ. ಬೇಲಿಯ ಕಥೆ ನೀನು ಹೇಳುವ ಮೊದಲೇ ಎಲ್ಲ ವಿದ್ಯಾರ್ಥಿಗಳಿಗೂ ನಾನೇ ಹೇಳಿಬಿಟ್ಟಿದ್ದೇನೆ. ಯಾರೂ ನಗಲಿಲ್ಲ. ಹೇಳುವ ರೀತಿ ಸರಿಯಿರಲಿಲ್ಲವೆಂದು ಕಾಣುತ್ತದೆ.

ಬೋರ್ಡು ನಾನು ಕೊಟ್ಟದ್ದಲ್ಲ. ನಿನ್ನೆ ಶಾಲೆಯಿಂದ ಬರುವಷ್ಟರಲ್ಲಿ ಪೆಟ್ಟಿಗೆಯ ಹಿಂಬಾಗಿಲು ತೆರೆದಿತ್ತು. ನನ್ನ ಹೆಂಡತಿ ಕೈಯಲ್ಲಿ ಸ್ಕ್ರೂಡ್ರೈವರ್, ಪಕ್ಕದಲ್ಲಿ ಬ್ಯಾಗು. 'ನಿಮ್ಮ ಪೆಟ್ಟಿಗೆಗಳ ಜಗಳದಲ್ಲಿ ನಾನು ನಮ್ಮಕ್ಕನ ಮುಖ ನೋಡಿ ಎಷ್ಟು ಕಾಲ ಆಯ್ತು ಗೊತ್ತಾ? ಸುಮ್ನೆ ಹೋದ್ರೆ ಯಾಕೆ ಅಂತೀರಾ. ಬೋರ್ಡು ಮುಟ್ಟಿಸೋಕೆ ಹೋಗ್ತಿದೀನಿ' ಎಂದಳು. ಅಕ್ಕತಂಗಿಯರು ಇಷ್ಟು ದಿನ ಭೇಟಿಯಾಗದ್ದಕ್ಕೆ ನಾನು ಕಾರಣ ಎಂಬಂತೆ. ಇದೆಲ್ಲ ನೀನು ನಿನ್ನ ಹೆಂಡತಿಯ ಮೂಲಕ ಹೂಡಿದ ಆಟ ಎಂದು ನನಗೆ ಗೊತ್ತು.

ಅವಳು ಹದಿನೆಂಟಕ್ಕೆ ಬಸ್ಸು ಹತ್ತಿ ಹತ್ತೊಂಬತ್ತಕ್ಕೆ ತಲುಪುತ್ತಾಳೆ. ಕಾಪಿ ಮುಗಿದ ಮರುದಿನವೇ ಬೋರ್ಡು ಬಿಚ್ಚಿ ಅವಳ ಕೈಯಲ್ಲೇ ವಾಪಸ್ಸು ಕಳಿಸತಕ್ಕದ್ದು. ಒಂದು ದಿನ ತಡವಾದರೂ ವಕೀಲರಿಂದ ಪತ್ರ ಬರುತ್ತದೆ.

*

ಆಗಸ್ಟ್ 23

ಷಡ್ಡಕ,

ಬೋರ್ಡು ವಾಪಸ್ ಬರ್ಲಿಲ್ಲ ಅಂತ ವಕೀಲರ ಹತ್ರ ಓಡ್ಬೇಡ, ಮೊದ್ಲು ಇದನ್ನ ಓದು. ನಿಮ್ಮವಳಿಗೆ ಫೋನ್ ಮಾಡಿ ಕೇಳಿದೀಯಂತೆ, 'ಕಾಗದ ಬರುತ್ತೆ, ಓದಿ' ಅಂತ ಇಟ್ಬಿಟ್ಲಂತೆ. ನನ್ನ ಮೇಲೆ ಸಿಟ್ಟು ಬೇಡ, ಅದು ಅವಳದ್ದೇ ಐಡಿಯಾ.

ನಿಮ್ಮವಳು ಬೋರ್ಡನ್ನ ಬಸ್ಸಲ್ಲಿ ಉದ್ದಕ್ಕೂ ತೊಡೆ ಮೇಲಿಟ್ಕೊಂಡು ಬಂದ್ಲು. ಇಳಿದೋಳು ನಮಗೆಲ್ಲ ಒಂದು ಮುಖಾನೂ ಕೊಡ್ದೆ ಅಕ್ಕನ್ನ ತಬ್ಕೊಂಡು ನಿಂತ್ಲು. ಬೋರ್ಡು ಇಬ್ರ ಮಧ್ಯೆ ಸಿಕ್ಕಾಕ್ಕೊಂಡು ಅಪ್ಪಚ್ಚಿ ಆಗುತ್ತೆ ಅಂತ ನಾನು 'ಬೋರ್ಡು, ಬೋರ್ಡು' ಅಂದ್ರೆ, 'ಮೊದ್ಲು ಒಳಗೆ ಹೋಗ್ರೀ' ಅಂತ ಇಬ್ರೂ ಒಟ್ಟಿಗೆ ಬೈದ್ರು. ಹಳೇ ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ಬಲಗಡೆ ಪೆಟ್ಟಿಗೆ ಮಾಡಿದ್ದೆ, ಒಂದು ಹಳೇ ಟೀವಿ, ಚಿತ್ರ ಬರೆದ ಬಟನ್ನು ಜೋಡಿಸಿ ಬೋರ್ಡನ್ನ ಅದರೊಳಗೆ ಕೂರಿಸ್ದೆ. ಇಪ್ಪತ್ತನೇ ತಾರೀಕು ಬೆಳಿಗ್ಗೆ ಕಾಪಿರಾಯರು ಬಂದು ಚಿಪ್ಪುಗಳಿಗೆ ಚಿಮುಟ ಹಾಕಿ ಕಾಪಿ ತೆಗೆದ್ರು. ಬದುಕಿತು ಕಣೋ ಆಟ. ಆದ್ರೆ ಅಷ್ಟಕ್ಕೆ ಅವರು ಬಿಡ್ಲಿಲ್ಲ. ಕೊನೇ ತನಕ ಯಾರಾದ್ರೂ ಆಡಿ ತೋರಿಸಿ, ಎರಡೂ ಪರದೆ ಚಿತ್ರ ಹಿಡ್ಕೋಬೇಕು, ಕಾಪಿ ಸರಿ ಇದ್ಯಾ ಅಂತ ಹೋಲಿಸಿ ನೋಡೋಕೆ ಬೇಕು ಅಂದ್ರು.

ನಾನು ನನ್ನ ಜಾಗಕ್ಕೆ ಹೋಗಿ ಕೂತೆ. ನಿಮ್ಮವಳಿಗೆ ಚುಕ್ಕಾಣಿ ಕೊಟ್ಟೆ. ಮುಳುಗಿದ್ವಿ. ಇನ್ನೊಂದ್ಸಲ. ಮುಳುಗಿದ್ವಿ. ಅವಳು ಗಂಟೆ ಬಾರಿಸೋ ಮೊದ್ಲೇ ನಾನು ಕಲ್ಲಿದ್ದಲು ಸುರೀತಿದ್ನಂತೆ. 'ಭಾವ, ನಾನು ನಿಧಾನ ಅಂದ್ರೆ ನೀವು ಜೋರು ಹಾಕ್ತೀರಲ್ಲ!' ಅಂದ್ಲು. 'ನನಗೆ ಕಲಿಸಬೇಡಮ್ಮ, ನಾನು ಇದ್ರಲ್ಲಿ ಮುದುಕ ಆದೋನು' ಅಂದೆ. ಮೂರನೇ ಸಲ ಮುಳುಗಿದಾಗ (ನಗಬೇಡ) ನಮ್ಮವಳು ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಬಂದು, 'ಏಳ್ರೀ ಮೇಲೆ' ಅಂದ್ಲು. ಎದ್ದೆ. ನಿನಗೂ ಗೊತ್ತು, ಆ ದನಿಗೆ ಎದ್ದೇಳ್ದೆ ಇರೋಕೆ ಆಗಲ್ಲ.

ಅವಳು ಆ ಪೆಟ್ಟಿಗೆ ಒಳಗೆ ಯಾವತ್ತೂ ಕೂತೋಳಲ್ಲ. ಕೂತ ತಕ್ಷಣ ಶುರು ಮಾಡಿದ್ಲು.

'ಲೇ, ಇಲ್ಲಿ ಒಬ್ಬ ಸಣ್ಣೋನು ಇದಾನೆ, ಪಾಪ ಬೆವರ್ತಿದಾನೆ.'

'ನೀರು ಕೊಡಕ್ಕ, ಏನಾದ್ರೂ ಇದ್ಯಾ ನೋಡು ಅಲ್ಲಿ.'

'ಬಕೆಟ್ ಇದೆ. ಇರು. ಹಾಂ, ಕುಡೀತಿದಾನೆ. ನಿನ್ನ ಕಡೆ ಏನಿದೆ?'

'ಬಂಡೆ. ದೊಡ್ಡದು. ಸ್ವಲ್ಪ ತಡಿ, ತಡಿ, ತಡಿ… ಹಾಂ ಈಗ ಹಾಕು.'

ಗಂಟೆನೇ ಮುಟ್ಲಿಲ್ಲ ಕಣೋ ಅವರು! ಬಾಯಲ್ಲೇ ಹೇಳ್ಕೊಳ್ತಿದಾರೆ. ಕೂಗಿದ್ರೆ ಕೇಳೋಷ್ಟು ಹತ್ರ ಕೂತಿದ್ದೋರು ತಾನೇ ನಾವೂ? ಜಲಸಂಧಿ ದಾಟೋವಾಗ ನಿಮ್ಮ ಹಳೇ ಪಕ್ಕದ ಮನೆಯವಳ ವಿಷಯ ಮಾತಾಡ್ತಿದ್ರು. ದಾಟಿದ್ದು ಅವರಿಗೆ ಗೊತ್ತೇ ಆಗ್ಲಿಲ್ಲ.

ಆಮೇಲೆ ನಿಮ್ಮವಳು, 'ಅಕ್ಕಾ! ನೀರಲ್ಲಿ ಯಾರೋ ಇದಾರೆ! ನಿಲ್ಲಿಸ್ಲಾ?'

'ಅದನ್ನೂ ಕೇಳ್ತೀಯಲ್ಲೇ? ನಿಲ್ಸು!'

ನಿಲ್ಸಿದ್ರು. ಹತ್ತಿಸ್ಕೊಂಡ್ರು. ಮುಂದೆ ಹೋದ್ರು, ಮತ್ತೆ ನಿಲ್ಸಿದ್ರು. ನಿಲ್ಸೋಕೆ ಶುರು ಮಾಡಿದಾಗಿಂದ ಅಂಕ ಇಳೀತಾನೇ ಇದೆ. ನಮ್ಮ ರೆಕಾರ್ಡಿನ ಕಾಲ ಧೂಳಿಗೂ ಬರಲ್ಲ. ನಾನು ನಗಬೇಕು ಅಂತ ಬಾಯಿ ತೆಗೆದೆ, ಯಾಕೋ ಆಗ್ಲಿಲ್ಲ. ಆ ಮಗು ಎತ್ತಿ ಹಿಡ್ಕೊಂಡೋಳು ಹತ್ತಿದಾಗ ಕಾಪಿರಾಯರು ಕ್ಯಾಮರಾ ಬಿಟ್ಟು ಚಪ್ಪಾಳೆ ತಟ್ಟಿದ್ರು.

ಕೊನೆಯವನು ಹತ್ತಿದ ಮೇಲೆ ಏನಾಯ್ತು ಕೇಳು. ಅಂಕ ಬರೋ ಜಾಗ ಖಾಲಿ ಆಯ್ತು. ಕೆಳಗೆ ಬಾಯ್ಲರ್ ಬಾಗಿಲು ತೆಗೀತು. ನೀರಿಂದ ಎತ್ತಿದ ಜನ ಒಬ್ಬೊಬ್ರಾಗಿ ಇಳಿದು ಬಂದ್ರು, ಸಣ್ಣೋನ ಕೈಯಿಂದ ಸಲಿಕೆ ಇಸ್ಕೊಂಡ್ರು, ಅವನ್ನ ಒಂದು ಮೂಲೇಲಿ ಕೂರಿಸಿದ್ರು. ಮೇಲೆ ಒಬ್ಬ ಬಂದು ಚುಕ್ಕಾಣಿ ಹಿಡ್ಕೊಂಡ. ನಿಮ್ಮವಳ ಕೈಯಲ್ಲಿದ್ದ ಚಕ್ರ ತಾನಾಗೇ ತಿರುಗೋಕೆ ಶುರು ಆಯ್ತು. ಇಬ್ರೂ ಕೈ ಬಿಟ್ಟು ಕೂತ್ರು. ಹಡಗು ಹೋಗ್ತಾ ಇದೆ.

ಮುಗಿಯುತ್ತೆ ಅಂತ ಕಾದ್ವಿ. ಕಾಪಿರಾಯರು ಊಟ ಮಾಡಿ ಬಂದ್ರು, ಹೋಗ್ತಾ ಇದೆ. ಚೀಲ ಕಟ್ಕೊಂಡ್ರು, ಹೋಗ್ತಾ ಇದೆ. 'ಇದಕ್ಕೆ ಮುಗಿಯೋದು ಅನ್ನೋದೇ ಇಟ್ಟಿಲ್ಲ ಇದನ್ನ ಮಾಡಿದೋರು' ಅಂದ್ರು. ಹೋಗ್ತಾ ಹೇಳಿದ್ರು: 'ಕಾಪಿ ನನ್ನ ಹತ್ರ ಭದ್ರ. ಆದ್ರೆ ಈ ಚಿಪ್ಪುಗಳು ಉಸಿರು ಹಿಡ್ಕೊಂಡಿವೆ. ಒಂದ್ಸಲ ಆರಿಸಿದ್ರೆ ಇವು ಮತ್ತೆ ಹತ್ತಲ್ಲ.'

ಅದಕ್ಕೇ ಬೋರ್ಡು ಬಿಚ್ಚಿಲ್ಲ. ಅಂಗಡೀಲಿ ಇನ್ನೂ ಓಡ್ತಾನೇ ಇದೆ. ಗಿರಾಕಿಗಳು ಮಿಕ್ಸಿ ಬಿಟ್ಟು ಹೋಗೋರು ನಿಂತು ನೋಡ್ತಾರೆ. ಅಕ್ಕತಂಗಿ ಅದರ ಮುಂದೆ ಸ್ಟೂಲ್ ಹಾಕ್ಕೊಂಡು ತರಕಾರಿ ಬಿಡಿಸ್ತಾರೆ, ಮಾತಿಗೆ ಕೊನೆ ಇಲ್ಲ. 'ನಾಳೆ ಆರಿಸಿ ಬಿಚ್ಚಬೇಕು, ಅವನು ವಕೀಲರನ್ನ ಕಳಿಸ್ತಾನಂತೆ' ಅಂದೆ. ನಿಮ್ಮವಳು ಸ್ವಿಚ್ಚಿಗೆ ಅಡ್ಡ ಬಂದು ಕೂತ್ಲು.

ಬೋರ್ಡು ನಿನ್ನದು. ಇಲ್ಲ ಅನ್ನಲ್ಲ. ಬೇಕು ಅಂದ್ರೆ ಬಂದು ನಿನ್ನ ಕೈಯಾರೆ ಆರಿಸ್ಕೊಂಡು ತಗೊಂಡು ಹೋಗು. ಅಷ್ಟೂ ಜನ ಹಡಗಲ್ಲಿದಾರೆ. ನಾನಂತೂ ಮುಟ್ಟಲ್ಲ.

*

ಆಗಸ್ಟ್ 27

ರಿಪೇರಿಯವನಿಗೆ,

ಪತ್ರ ತಲುಪಿತು. ಎರಡು ಸಲ ಓದಿದೆ. ನಿನ್ನ ಮಾತನ್ನು ನಾನು ಯಾವತ್ತೂ ನಂಬಿದವನಲ್ಲ, ಇದನ್ನೂ ಕಣ್ಣಾರೆ ನೋಡುವ ತನಕ ನಂಬುವುದಿಲ್ಲ. ನಾಳೆ ಶಾಲೆಗೆ ರಜೆ ಹಾಕಿ ಹೊರಡುತ್ತಿದ್ದೇನೆ. ಅಂಚೆ ತಡವಾಗುತ್ತದೆಂದು ಈ ಪತ್ರವನ್ನು ಇವತ್ತಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬಂದ ಮೇಲೆ ನಿನ್ನ ಜೊತೆ ಮಾತಾಡುತ್ತೇನೆ ಎಂದುಕೊಳ್ಳಬೇಡ. ನಿನ್ನ ಟೀ ಕೂಡ ಬೇಡ.

ನಿಮ್ಮ ಬೀದಿಯಲ್ಲಿ ಯಾವಾಗ ಬೇಕಾದರೂ ಕರೆಂಟು ಹೋಗಬಹುದೆಂದು ನನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ಇಷ್ಟು ಜನರನ್ನು ಹತ್ತಿಸಿಕೊಂಡ ಮೇಲೆ ಅದನ್ನು ಯೋಚಿಸಬೇಕೆಂದು ನಿನ್ನ ತಲೆಗೆ ಹೊಳೆಯಲಿಲ್ಲವಲ್ಲ! ಶಾಲೆಯ ಎರಡೂ ಕಾರುಗಳ ಬ್ಯಾಟರಿ ಬಿಚ್ಚಿ ತರುತ್ತಿದ್ದೇನೆ. ನಾನು ಬರುವ ತನಕ ಯಾರನ್ನೂ ಸ್ವಿಚ್ಚಿನ ಹತ್ತಿರ ಬಿಡಬೇಡ.